ಆರೋಪಿಯ ವೈದ್ಯಕೀಯ ಪರೀಕ್ಷೆ: ಬಳಸುವ ವಿಧಾನ

ಪೆಟ್ಟಿಗೆಯಲ್ಲಿರುವ ಸಾಮಾನು: ಅತ್ಯಾಚಾರದ ಆರೋಪಿ ಒಬ್ಬ, ಪೇದೆಗಳು ಇಬ್ಬರು, ಪಿಎಸ್‌ಐ ಸಹಿ ಮಾಡಿದ ಕೋರಿಕೆ ಪತ್ರ, ಒಂದಷ್ಟು ಅರಗು. ಪೆನ್ನು ಸೇರಿಲ್ಲ, ಡ್ಯೂಟಿ ಡಾಕ್ಟರ ಜೇಬಿನಿಂದ ಪಡೆದುಕೊಳ್ಳಿ. ಮಂಡ್ಯ, ಮದ್ದೂರು, ಮಳವಳ್ಳಿಯ ಬಳಕೆದಾರರಿಗೆಂದು ಬರೆದ ಕೈಪಿಡಿ ಇದು. ರಾಜ್ಯದ ಬೇರೆ ಠಾಣೆಗಳಿಗೂ ಹೊಂದುತ್ತದೆ.

ಯಂತ್ರದ ಮಾದರಿ ಸಂಖ್ಯೆ ಹಿಂದೆ ಸಿಆರ್‌ಪಿಸಿ 53ಎ ಎಂದಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 52ನೇ ಕಲಮು ಎಂಬ ಹೊಸ ಚೀಟಿ ಅಂಟಿಸಿದ್ದಾರೆ. ಆರೋಪಿ ಒಪ್ಪದಿದ್ದರೆ ಅಗತ್ಯವಿದ್ದಷ್ಟು ಬಲ ಬಳಸಲು ಅವಕಾಶವಿದೆ. ಕೃತ್ಯ ನಡೆದ ಜಾಗದಿಂದ 16 ಕಿ.ಮೀ. ಒಳಗೆ ಸರ್ಕಾರಿ ವೈದ್ಯರು ಸಿಗದಿದ್ದರೆ ಖಾಸಗಿ ವೈದ್ಯರೂ ಪರೀಕ್ಷಿಸಬಹುದು. ನಮ್ಮ ಮೂರೂ ಊರಲ್ಲಿ ಸರ್ಕಾರಿ ಆಸ್ಪತ್ರೆ ಇರುವುದರಿಂದ ದೂರ ಅಳೆಯುವ ಪ್ರಮೇಯ ಬಾರದು.

ಮೊದಲ ಗುಂಡಿ: ಪುರುಷತ್ವ

ಎಲ್ಲರೂ ಒತ್ತುವುದು ಇದನ್ನೇ. ಒತ್ತಿದ ಮೇಲೆ ಹೊರಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಈತ ಲೈಂಗಿಕ ಕ್ರಿಯೆಗೆ ಅಸಮರ್ಥನೆಂದು ಹೇಳುವಂಥದ್ದೇನೂ ಕಂಡುಬಂದಿಲ್ಲ. ಇದನ್ನು ಮೂರು ಸಲ ಓದಿ, ಕಡತಕ್ಕೆ ಹೊಲಿಯಿರಿ. ಇಷ್ಟರಿಂದ ಆತ ಕೃತ್ಯ ಮಾಡಿದ್ದಾನೆಂದೂ ಸಿದ್ಧವಾಗದು, ಮಾಡಿಲ್ಲವೆಂದೂ ಸಿದ್ಧವಾಗದು. 2013ರ ಕಾನೂನು ತಿದ್ದುಪಡಿಯ ನಂತರ ಬೆರಳಿನಿಂದ, ವಸ್ತುವಿನಿಂದ ಎಸಗಿದ್ದೂ ಅತ್ಯಾಚಾರವೇ ಆಗಿರುವಾಗ, ನಪುಂಸಕನೆಂಬ ಸರ್ಟಿಫಿಕೇಟು ಸಿಕ್ಕರೂ ಬಿಡುಗಡೆಯ ಗ್ಯಾರಂಟಿಯಿಲ್ಲ.

ಆದರೂ ಈ ಗುಂಡಿಗಿರುವ ಮರ್ಯಾದೆ ನೋಡಿ. ಮದ್ದೂರು ದಾಟಿ ಬೆಂಗಳೂರಿನ ಕಡೆ ಹೋದರೆ ಬಿಡದಿ. ಅತ್ಯಾಚಾರದ ಆರೋಪ ಹೊತ್ತಿದ್ದ ಅಲ್ಲಿನ ನಿತ್ಯಾನಂದ ಸ್ವಾಮಿ ಇದನ್ನು ತನ್ನ ಮೇಲೆ ಒತ್ತಬಾರದೆಂದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಸೋತು, 2014ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಯಿತು. ದೂರು ದಾಖಲಾಗಿದ್ದು 2010ರಲ್ಲಿ.

ಎರಡನೆಯ ಗುಂಡಿ: ಸೋಂಕು

‘ಅವನಿಗೆ ಏಡ್ಸ್ ಗೀಡ್ಸ್ ಐತಾ ನೋಡಿ ಸಾ’ ಎಂದು ಹುಡುಗಿಯ ಅಪ್ಪ ಕೇಳುವುದು ಇದನ್ನೇ. ಕೇಳುವುದರಲ್ಲಿ ನ್ಯಾಯವಿದೆ. ಆದರೆ ಒತ್ತುವ ಮೊದಲು ಎರಡು ಸಂಗತಿ ತಿಳಿದಿರಲಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಯಾರಿಗೂ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಪ್ರಕರಣಕ್ಕೆ ಅಗತ್ಯವೆಂದು ಕೋರ್ಟ್ ಆದೇಶಿಸಿದರೆ ಆ ಮಾತು ಬೇರೆ. ಇನ್ನೊಂದು, ಸೋಂಕು ತಗುಲಿದ ಹೊಸದರಲ್ಲಿ ರಕ್ತದಲ್ಲಿ ಕಾಣಿಸದು. ಕೆಲವು ವಾರದಿಂದ ಮೂರು ತಿಂಗಳವರೆಗೂ ಪರೀಕ್ಷೆ ‘ನೆಗೆಟಿವ್’ ಎಂದೇ ಹೇಳಬಹುದು. ಆತನ ವರದಿ ಬರಲಿ, ಆಮೇಲೆ ಇವಳಿಗೆ ಔಷಧ ಕೊಡೋಣ ಎನ್ನುವವರು ಈ ಯಂತ್ರವನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದಾರೆ.

(ತಲೆಕೆಳಗು ಹೊಸದಲ್ಲ. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಬ್ರಿಟಿಷರು ದಂಡಿನವರ ಗುಹ್ಯರೋಗ ತಡೆಯಲು ಹಿಡಿದು ಪರೀಕ್ಷಿಸಿದ್ದು ಹೆಂಗಸರನ್ನು, ಸಿಪಾಯಿಗಳನ್ನಲ್ಲ.)

ಎಚ್ಚರಿಕೆ: ಗಡಿಯಾರ ಆರೋಪಿಯ ಕೈಯಲ್ಲಿಲ್ಲ

ಎಚ್‌ಐವಿ ತಡೆಯುವ ಪೆಪ್ ಮಾತ್ರೆಯನ್ನು ಘಟನೆಯಾದ 72 ಗಂಟೆಯೊಳಗೆ ಶುರುಮಾಡಬೇಕು. ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ, ಗರ್ಭ ನಿಲ್ಲದಂತೆ ಮಾತ್ರೆ, ಸಿಫಿಲಿಸ್ ಮತ್ತು ಗೊನೋರಿಯಾಗೆ ಔಷಧ, ಆರು ವಾರಕ್ಕೂ ಮೂರು ತಿಂಗಳಿಗೂ ಮತ್ತೆ ರಕ್ತಪರೀಕ್ಷೆ, ಇವೆಲ್ಲ ಹುಡುಗಿಯ ಹಕ್ಕು. ಇದಕ್ಕೆ ಆರೋಪಿ ಸಿಕ್ಕಿರಬೇಕಿಲ್ಲ. ಎಫ್‌ಐಆರ್ ಕೂಡ ಆಗಿರಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯಾದರೂ ತಕ್ಷಣ, ಪುಕ್ಕಟೆಯಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಆಸ್ಪತ್ರೆಯ ಉಸ್ತುವಾರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ.

ಯಂತ್ರ ಕೆಟ್ಟರೆ

‘ಜಾಗ ಮಳವಳ್ಳಿ ಸರಹದ್ದು, ಇಲ್ಲಿಗ್ಯಾಕ್ ಬಂದ್ರಿ’ ಎಂಬ ಸದ್ದು ಬಂದರೆ: ಜೀರೋ ಎಫ್‌ಐಆರ್ ಎಂದು ಜೋರಾಗಿ ಹೇಳಿ. ಯಾವ ಠಾಣೆಯಾದರೂ ದಾಖಲಿಸಿಕೊಳ್ಳಲೇಬೇಕು. ಹುಡುಗಿಗೆ ಮಾಡುತ್ತಿದ್ದ ‘ಎರಡು ಬೆರಳು ಪರೀಕ್ಷೆ’ ಎಂಬ ಹಳೇ ಬಿಡಿಭಾಗ ಎಲ್ಲಾದರೂ ಸಿಕ್ಕಿದರೆ ಎಸೆಯಿರಿ. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ. ‘ನಾಳೆ ಬನ್ನಿ’ ಎಂಬ ಚೀಟಿ ಬಂದರೆ ಅದನ್ನು ತೆಗೆದುಕೊಂಡು ಹಿಂತಿರುಗಬೇಡಿ. ನಾಳೆ ಅಂದರೆ ಎಪ್ಪತ್ತೆರಡರಲ್ಲಿ ಇಪ್ಪತ್ತನಾಲ್ಕು ಕಳೆದಂತೆ.

ಕೈಪಿಡಿ ಓದಿ ಮುಗಿಸುವ ವ್ಯವಧಾನ ಇಲ್ಲದವರು ಇಷ್ಟು ಮಾಡಿ ಸಾಕು: ಮೊದಲು ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ‘ಪೆಪ್ ಕೊಡಿ’ ಎಂದು ಹೆಸರು ಹೇಳಿಯೇ ಕೇಳಿ. ಅದೇನೆಂದು ಅಲ್ಲಿಯವರು ನಿಮ್ಮನ್ನೇ ಕೇಳಿದರೆ, ಏಡ್ಸ್ ಸಹಾಯವಾಣಿಯ ನಂಬರು 1097, ಪುಕ್ಕಟೆ ಕರೆ.