ಶೋರೂಮ್ ಸಾರಸಂಗ್ರಹ

ಪೀಠಿಕೆ

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡ. ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ಬಡ್ಡಿ, ಭಿನ್ನರಾಶಿ, ಬಂಗಾರದ ಬೆರಕೆ, ಕುಳಿಯ ಅಳತೆ, ನೆರಳಿನ ಉದ್ದ ಎಲ್ಲಕ್ಕೂ ಸೂತ್ರ ಹೇಳಿದ ಆಚಾರ್ಯರು ಕಾರಿನ ಆನ್‌ರೋಡ್ ಬೆಲೆಗೆ ಮಾತ್ರ ಸೂತ್ರ ಹೇಳಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಮಂದಿ ತೊಗರಿ ಮಾರಿದ ರೊಕ್ಕ ಕಟ್ಟಿಕೊಂಡು ಕಲಬುರಗಿಯ ಶೋರೂಮಿಗೆ ಹೋಗಿ, ಮೇಲಿನ ರೊಕ್ಕವನ್ನೂ ತೆತ್ತು ಬರುವುದಕ್ಕೆ ಈ ಲೋಪವೇ ಮೂಲಕಾರಣವೆಂಬುದು ನಮ್ಮ ದೃಢವಾದ ಸಂಶೋಧನೆ. ಆಚಾರ್ಯರ ಅಧ್ಯಾಯಗಳ ಹೆಸರನ್ನೇ ಕಡ ತಂದು ಆ ಲೋಪವನ್ನಿಲ್ಲಿ ತುಂಬಿದ್ದೇವೆ.

1. ಸಂಜ್ಞಾಧಿಕಾರ

*ಸೂತ್ರ:* ಕಾರಿಗೆ ದರ ಒಂದು, ಕಾಗದಕ್ಕೆ ದರ ಇನ್ನೊಂದು.

*ಭಾಷ್ಯ:* ಎಕ್ಸ್‌ಶೋರೂಮ್ ಬೆಲೆ ಕಂಪನಿಯದು. ಜಿಎಸ್‌ಟಿ ಅದರ ಹೊಟ್ಟೆಯೊಳಗೇ ಇದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40. ಮೇಲಿನ ರೊಕ್ಕ ಹುಟ್ಟುವುದು ಅದರ ಕೆಳಗಿನ ಸಾಲುಗಳಲ್ಲಿ. ಆದ್ದರಿಂದ ಕೊಟೇಶನ್ನನ್ನು ಸಾಲುಸಾಲಾಗಿ ಬರೆಸಿ, ಸಿಕ್ಕಾ ಹಾಕಿಸಿಕೊಳ್ಳಬೇಕು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕ ಚಕ್ರವರ್ತಿಯೇ ತನ್ನ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾನೆ. ಸೇಲ್ಸ್‌ಮನ್ನಿನ ಬಾಯಿಮಾತು ಚಕ್ರವರ್ತಿಯದಕ್ಕಿಂತ ಗಟ್ಟಿ ಎಂದು ನಂಬಲು ನಮಗೆ ಆಧಾರ ದೊರೆತಿಲ್ಲ.

2. ಮಿಶ್ರಕ ವ್ಯವಹಾರ

*ಸೂತ್ರ:* ಬೆರೆಸಿದ್ದನ್ನು ಬೇರ್ಪಡಿಸು.

*ಪೂರ್ವಪಕ್ಷ:* ‘ಹ್ಯಾಂಡ್ಲಿಂಗ್ ಚಾರ್ಜ್ ಎಲ್ಲಾರೂ ಕೊಡ್ತಾರ್ರೀ ಸಾಹೇಬ್ರ.’

*ಸಿದ್ಧಾಂತ:* ಎಪಿಎಂಸಿಯಲ್ಲಿ ಹಮಾಲಿ ಕೊಟ್ಟರೆ ಚೀಲ ಹೊತ್ತವನ ಬೆನ್ನಾದರೂ ಕಾಣುತ್ತದೆ. ತನ್ನ ಗಾಲಿಯ ಮೇಲೆ ತಾನೇ ಉರುಳುವ ವಸ್ತುವಿಗೆ ಹಮಾಲಿ ಕೊಡುವುದು ಯಾವ ಶಾಸ್ತ್ರದಲ್ಲೂ ಇಲ್ಲ. ನಂಬರ್ ಪ್ಲೇಟಿನ ಹೆಸರಿನ ಸಾಲೂ ಇದೇ ಜಾತಿಯದು. 2019ರ ಏಪ್ರಿಲ್ 1ರ ಈಚೆ ಎಚ್‌ಎಸ್‌ಆರ್‌ಪಿ ಪ್ಲೇಟು ಹೊಸ ಗಾಡಿಯ ಜೊತೆಗೇ ಬರಬೇಕು.

ಇನ್ನೊಂದು ಬೆರಕೆಗೆ ‘ಕಿಟ್’ ಎಂದು ಹೆಸರು: ಮ್ಯಾಟು, ಸೀಟ್ ಕವರು, ಮಡ್ ಫ್ಲ್ಯಾಪು. ಇದರ ಬಗ್ಗೆ ಕಲ್ಪಿತ ಸಂವಾದವೊಂದನ್ನು ಉದಾಹರಿಸಬಹುದು:

‘ಎರಡು ತಿಂಗಳು ವೇಟಿಂಗ್ ಅದರೀ ಕಾಕಾ. ಕಿಟ್ ತಗೊಂಡ್ರ ಇದೇ ವಾರ ಗಾಡಿ ಕೊಡ್ತೀವಿ.’

‘ಹಂಗಿದ್ರ ಗಾಡಿಗಿ ನಾ ಕಾಯ್ಲತ್ತಿಲ್ಲ ತಮ್ಮಾ, ನಿನ್ನ ಕಿಟ್ಟೇ ನನಗ ಕಾಯ್ಲತ್ತದ.’

3. ಖಾತ ವ್ಯವಹಾರ

*ಸೂತ್ರ:* ಹತ್ತು ಲಕ್ಷದ ಅಂಚಿನಲ್ಲಿ ಕುಳಿಯಿದೆ.

*ಭಾಷ್ಯ:* ಫರ್ಸಿ ಖಣಿಯ ಆಳ ಬಲ್ಲ ಶಹಾಬಾದದವರೂ ಈ ಕುಳಿಗೆ ಬೀಳುತ್ತಾರೆ. ಕರ್ನಾಟಕದ ಆಜೀವ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14. ಹತ್ತು ದಾಟಿತೋ ಶೇ 17, ಅದೂ ಪೂರ್ತಿ ಬೆಲೆಯ ಮೇಲೆ. 9,99,000ದ ಕಾರಿಗೆ ತೆರಿಗೆ 1,39,860 ರೂಪಾಯಿ. 10,01,000ದ ಕಾರಿಗೆ 1,70,170. ಬೆಲೆಯಲ್ಲಿ ಎರಡು ಸಾವಿರ ಹೆಚ್ಚು, ತೆರಿಗೆಯಲ್ಲಿ 30,310 ಹೆಚ್ಚು. ತೆರಿಗೆಯ ಮೇಲಿನ ಸೆಸ್ ಬೇರೆ. ಹತ್ತು ಲಕ್ಷ ಮೀರಿದರೆ ಶೇ 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಸೇರಿಸುತ್ತಾರೆ. ಅದು ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಕೆಯಾಗುತ್ತದೆ. ರಿಟರ್ನ್ ಹಾಕದವರಿಗೆ ಮಾತ್ರ ಅದು ಸರ್ಕಾರಕ್ಕೆ ಕೊಟ್ಟ ಮುಯ್ಯಿ.

4. ಛಾಯಾ ವ್ಯವಹಾರ

*ಸೂತ್ರ:* ವಿಮೆಯ ನೆರಳು ಕಾರಿಗಿಂತ ಉದ್ದ.

*ಭಾಷ್ಯ:* 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ನಿಗದಿಯಾದದ್ದು, ಎಲ್ಲಿ ಕೊಂಡರೂ ಒಂದೇ. ಹಿಗ್ಗುವುದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ಭಾಗ ಮತ್ತು ಅದಕ್ಕೆ ಅಂಟಿಸುವ ಆ್ಯಡ್‌ಆನ್‌ಗಳು. ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಶೋರೂಮಿನವರು ಕಡ್ಡಾಯ ಮಾಡುವಂತಿಲ್ಲ. ‘ಹೊರಗ ಮಾಡಸ್ತೀನ್ರೀ’ ಎಂಬ ಎರಡು ಪದದ ಮಂತ್ರಕ್ಕೆ ನೆರಳು ಮಧ್ಯಾಹ್ನದಂತೆ ಕುಗ್ಗುವುದನ್ನು ಅನೇಕರು ಕಂಡಿದ್ದಾರೆ.

5. ಕ್ಷೇತ್ರ ವ್ಯವಹಾರ

*ಪೂರ್ವಪಕ್ಷ:* ಚಿಂಚೋಳಿಗೆ ತೆಲಂಗಾಣದ ತಾಂಡೂರು ಹತ್ತಿರ, ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ರೈಲು ನಿಲ್ಲುತ್ತದೆ. ಅಲ್ಲೇ ಕೊಂಡರೆ ಅಗ್ಗವಲ್ಲವೇ?

*ಸಿದ್ಧಾಂತ:* ಗಾಡಿಗೆ ಕಲಬುರಗಿಯ ಕೆಎ-32 ನಂಬರು ಬೇಕಾದರೆ ತೆರಿಗೆ ಇಲ್ಲೇ, ಇಲ್ಲಿನ ದರದಲ್ಲೇ. ತೆಲಂಗಾಣದ ನಂಬರಿನಲ್ಲಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಮತ್ತೆ ನೋಂದಣಿ ಮಾಡಿಸಬೇಕು. ಹಾಗಾಗಿ ಹೈದರಾಬಾದಿನಿಂದ ತರಬೇಕಾದದ್ದು ಕಾರನ್ನಲ್ಲ, ಕೊಟೇಶನ್ನನ್ನು. ಅದನ್ನು ಕಲಬುರಗಿಯ ಮೇಜಿನ ಮೇಲೆ ಮಾತಾಡದೆ ಇಟ್ಟು, ಚಾ ಕುಡಿದು, ಎದ್ದು ಬರಬೇಕು. ಇಷ್ಟನ್ನೂ ಮಾರ್ಚ್ ಇಲ್ಲವೇ ಡಿಸೆಂಬರ್ ಕೊನೆಗೆ ಮಾಡಿದರೆ ಫಲ ಜಾಸ್ತಿ. ಟಾರ್ಗೆಟ್ ಮುಟ್ಟದ ಮ್ಯಾನೇಜರು ತಾನೇ ಫೋನು ಮಾಡುತ್ತಾನೆ. ಡಿಸೆಂಬರಿನಲ್ಲಿ ಕೊಂಡವರು ಗಾಡಿ ತಯಾರಾದ ತಿಂಗಳು, ವರ್ಷವನ್ನೂ ನೋಡಿಕೊಳ್ಳತಕ್ಕದ್ದು. ದಸರಾ, ದೀಪಾವಳಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದವರಿಗೆ ಈ ಶಾಸ್ತ್ರ ಅನ್ವಯಿಸುವುದಿಲ್ಲ: ಅತ್ತೆಯವರು ‘ಇದೇ ಬಣ್ಣ ಛಲೋ ಅದ’ ಎಂದ ಮೇಲೆ ಚೌಕಾಶಿಗೆ ಗಣಿತದಲ್ಲಿ ಜಾಗವಿಲ್ಲ.

ಉಪಸಂಹಾರ

ಇಷ್ಟಕ್ಕೂ ಬಗ್ಗದ ಶೋರೂಮಿಗೆ ಗ್ರಾಹಕ ಸಹಾಯವಾಣಿ 1915 ಉಂಟು, ಜಿಲ್ಲಾ ಗ್ರಾಹಕರ ಆಯೋಗ ಉಂಟು. ಆದರೆ ಒಂದು ಮೇಲಿನ ರೊಕ್ಕಕ್ಕೆ ನಮ್ಮಲ್ಲಿ ಪರಿಹಾರ ಸಿಕ್ಕಿಲ್ಲ. ಸಾಲುಸಾಲಿಗೂ ಜಗಳಾಡಿ ಕಾರು ತಂದವನನ್ನು ಓಣಿಯವರು ‘ಎಷ್ಟ್ ಬಿತ್ತರೀ?’ ಎಂದು ಕೇಳಿದಾಗ, ಅವನೇ ಐವತ್ತು ಸಾವಿರ ಸೇರಿಸಿ ಹೇಳುತ್ತಾನೆ.