ತೂಗುರಾಯನ ತಕ್ಕಡಿ

ತೂಗುರಾಯನಿಗೆ ಹಲ್ಲುನೋವು ಬಂತೆಂದರೆ ಟೀಮಿನವರೆಲ್ಲ ಅರ್ಥ ಮಾಡಿಕೊಳ್ಳುತ್ತಾರೆ: ಎಲ್ಲೋ ಇಂಟರ್‌ವ್ಯೂ ಇದೆ. ಬುಧವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹನ್ನೆರಡಕ್ಕೆ ಡೆಂಟಿಸ್ಟ್ ಅಪಾಯಿಂಟ್‌ಮೆಂಟು, ನಾಲ್ಕಕ್ಕೆ ವಾಪಸ್ಸು, ಬಂದವನೇ ಕ್ಯಾಂಟೀನಿನಲ್ಲಿ ಕಟಕಟ ಚಕ್ಕುಲಿ. ಹೇಳಿಕೊಂಡಷ್ಟು ಸಲ ಅವನು ನಿಜವಾಗಿಯೂ ದಂತವೈದ್ಯರ ಕುರ್ಚಿಯಲ್ಲಿ ಕೂತಿದ್ದರೆ ಇಷ್ಟು ಹೊತ್ತಿಗೆ ಬಾಯಲ್ಲಿ ನಾಲಿಗೆಯೊಂದೇ ಉಳಿದಿರಬೇಕಿತ್ತು. ಮ್ಯಾನೇಜರಿಗೂ ವಿಷಯ ಗೊತ್ತು. ಆತ ಏನೂ ಅನ್ನುವುದಿಲ್ಲ. ಶುಕ್ರವಾರ ಆತನಿಗೂ ಕಣ್ಣಿನ ಡಾಕ್ಟರನ್ನು ನೋಡುವುದಿದೆ.

ತೂಗುರಾಯ ಅನ್ನುವುದು ನಾವು ಸ್ನೇಹಿತರು ಇಟ್ಟ ಹೆಸರು. ನಾಮಕರಣದ ಹೆಸರು ಬೇರೆ ಇದೆ, ಅದು ಆಫರ್ ಲೆಟರುಗಳಲ್ಲಿ ಮಾತ್ರ ಚಲಾವಣೆಯಲ್ಲಿದೆ. ಬೆಂಗಳೂರಿನ ಬನಶಂಕರಿಯಲ್ಲಿ ಮನೆ, ಮನೆಯ ಮೇಲೆ ಸಾಲ, ಸಾಲದ ಮೇಲೆ ನೌಕರಿ. ಹದಿನೈದು ವರ್ಷದ ಅನುಭವದಲ್ಲಿ ಐದು ಕಂಪನಿ ಕಂಡಿದ್ದಾನೆ. ಹಾಗಂತ ದುಡ್ಡಿನ ಹಿಂದೆ ಬಿದ್ದವನು ಅಂದುಬಿಟ್ಟೀರಿ, ನೊಂದುಕೊಳ್ಳುತ್ತಾನೆ. "ದುಡ್ಡೇನು ಗುರೂ, ಇವತ್ತು ಬರತ್ತೆ ನಾಳೆ ಹೋಗತ್ತೆ. ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಬೇಕು" ಅನ್ನುತ್ತಾನೆ. ಈ ಮಾತು ಅವನ ಬಾಯಲ್ಲಿ ಯಾವಾಗ ಬರುತ್ತದೆ ಅನ್ನುವುದನ್ನು ಮಾತ್ರ ಸ್ವಲ್ಪ ಗಮನಿಸಬೇಕು. ಅಪ್ರೈಸಲ್ ಪತ್ರದಲ್ಲಿ ಶೇಕಡಾ 6 ಹೈಕ್ ಬಂದ ವರ್ಷ ಅವನಿಗೆ ಕೆಲಸದ ತೃಪ್ತಿಯೇ ಬದುಕಿನ ಪರಮಾರ್ಥ. ಶೇಕಡಾ 14 ಬಂದ ವರ್ಷ ಆ ಶಬ್ದವನ್ನೇ ಎತ್ತುವುದಿಲ್ಲ.

ಅವನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟಿದೆ. ಎಡಕ್ಕೆ ಈಗಿನ ಕಂಪನಿ, ಬಲಕ್ಕೆ ಕರೆಯುತ್ತಿರುವ ಕಂಪನಿ. ಒಟ್ಟು ನೂರು ಅಂಕ: ಸಂಬಳಕ್ಕೆ ಐವತ್ತು, ತೃಪ್ತಿಗೆ ಐವತ್ತು. ನ್ಯಾಯ ಅಂದರೆ ನ್ಯಾಯ. ತೃಪ್ತಿಯ ಐವತ್ತು ಮತ್ತೆ ಒಡೆದು ಮ್ಯಾನೇಜರ್, ಕಲಿಕೆ, ಮರ್ಯಾದೆ, ಓಡಾಟ, ಕಾಫಿ ಅಂತ ಹಂಚಿಹೋಗಿದೆ. ಕಳೆದ ಸಲ ಒಂದು ಕಂಪನಿಯಿಂದ ಕರೆ ಬಂದಾಗ ಲೆಕ್ಕ ಹಾಕಿದ. ಈಗಿರುವ ಕಂಪನಿಯೇ ನಾಲ್ಕು ಅಂಕದಿಂದ ಗೆದ್ದಿತು. ಇವನಿಗೋ ಹೋಗುವ ಮನಸ್ಸು. ಮಾರನೆಯ ದಿನ ನೋಡಿದರೆ 'ಕಾಫಿ' ಕಾಲಮ್ಮಿಗೆ ಇದ್ದ 2 ಅಂಕ 12 ಆಗಿತ್ತು. ಹೊಸ ಕಂಪನಿಯಲ್ಲಿ ಫಿಲ್ಟರ್ ಕಾಫಿ, ಹಳೆಯದರಲ್ಲಿ ಮಷಿನ್ನಿನದು. ದಿನಸಿ ಅಂಗಡಿಯವನು ತಕ್ಕಡಿಗೆ ಬೆರಳು ತಾಗಿಸಿದಂತೆ ಕೆಲಸ ಸಲೀಸಾಗಿ ಮುಗಿದಿತ್ತು. ಒಂದೇ ವ್ಯತ್ಯಾಸ, ಇಲ್ಲಿ ಅಂಗಡಿಯವನೂ ಇವನೇ, ಗಿರಾಕಿಯೂ ಇವನೇ.

ಸಂಬಳದ ಭಾಗವಾದರೂ ಸರಳ ಅಂದುಕೊಂಡಿರಾ? ಈಗಿನ ಸಿಟಿಸಿ 20 ಲಕ್ಷ, ಹೊಸತು 26. ಶೇಕಡಾ 30 ಹೈಕ್! ಇಷ್ಟನ್ನು ಅವನು ಫೋನಿನಲ್ಲೇ ಕೂಗಿ ಹೇಳಿದ. ಅವನ ಹೆಂಡತಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವಾಕೆ. ಸಂಜೆ ಆಫರ್ ಲೆಟರನ್ನು ಮುಂದಿಟ್ಟುಕೊಂಡು ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನನ್ನೇ ಹಿಡಿದು ಕೂತಳು. ಮೂಲವೇತನದ ಶೇಕಡಾ 12 ಕಂಪನಿಯ ಕಡೆಯ ಪಿಎಫ್, ಈಗ ಕೈಗೆ ಬರುವುದಿಲ್ಲ, ಅಡ್ಡಗೀಟು. ಶೇಕಡಾ 4.81 ಗ್ರಾಚ್ಯುಟಿ. ಅದು ಕೈಸೇರಬೇಕಾದರೆ ಐದು ವರ್ಷ ಒಂದೇ ಕಡೆ ಇರಬೇಕು. 1972ರ ಕಾಯ್ದೆಯ ಕಾಲದಿಂದಲೂ ನಿಯಮ ಇದೇ, ಇವನು ಮೂರು ವರ್ಷಕ್ಕಿಂತ ಹೆಚ್ಚು ಎಲ್ಲಿ ನಿಂತಿದ್ದಾನೆ? ಅಡ್ಡಗೀಟು. ವೇರಿಯಬಲ್ ಪೇ, 'ಕಂಪನಿಯ ಹಾಗೂ ವ್ಯಕ್ತಿಯ ಸಾಧನೆಯನ್ನು ಅವಲಂಬಿಸಿ'. ಅವಳು ಗಂಡನನ್ನೊಮ್ಮೆ ನೋಡಿ ಅಡ್ಡಗೀಟು ಎಳೆದಳು. ಇನ್ಶೂರೆನ್ಸ್ ಪ್ರೀಮಿಯಂ, ಅಡ್ಡಗೀಟು. ಜಾಯಿನಿಂಗ್ ಬೋನಸ್, ವರ್ಷದೊಳಗೆ ಬಿಟ್ಟರೆ ವಾಪಸ್ಸು ಕೊಡಬೇಕು, ಪ್ರಶ್ನಾರ್ಥಕ ಚಿಹ್ನೆ. ಉಳಿದದ್ದರಲ್ಲಿ ಹೊಸ ತೆರಿಗೆ ಪದ್ಧತಿಯ ಪ್ರಕಾರ 20 ಲಕ್ಷ ದಾಟಿದ ಆದಾಯಕ್ಕೆ ಶೇಕಡಾ 25, 24 ಲಕ್ಷ ದಾಟಿದ್ದಕ್ಕೆ 30. ರಾಜ್ಯ ಸರ್ಕಾರದ ವೃತ್ತಿ ತೆರಿಗೆ ಮಾತ್ರ ಎರಡೂ ಕಡೆ ಒಂದೇ, ಅದಕ್ಕೆ ಭೇದಭಾವವಿಲ್ಲ. ಕೊನೆಗೆ ಪುಟದ ತುಂಬ ಕೆಂಪು ಮಾಡಿ, "ಪಾಸು. ಆದರೆ ಫಸ್ಟ್ ಕ್ಲಾಸ್ ಅಲ್ಲ" ಅಂದಳು.

ತೂಗುರಾಯ ಸೋಲೊಪ್ಪುವವನಲ್ಲ. ಸಂಬಳದಲ್ಲಿ ಬಿದ್ದರೆ ತೃಪ್ತಿಯಲ್ಲಿ ಏಳುತ್ತಾನೆ. ವಾರಾಂತ್ಯದ ಎಂಬಿಎ ತರಗತಿಯಲ್ಲಿ ಅವನಿಗೆ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಸಿಕ್ಕಿದ್ದ. "1959ರಲ್ಲೇ ಬರೆದಿಟ್ಟಿದ್ದಾನೆ ಮಾರಾಯ್ತಿ! ಅಮೆರಿಕದ ಪಿಟ್ಸ್‌ಬರ್ಗ್ ಕಡೆ ಇನ್ನೂರು ಜನ ಎಂಜಿನಿಯರುಗಳನ್ನ, ಅಕೌಂಟೆಂಟುಗಳನ್ನ ಕೂರಿಸಿಕೊಂಡು ಕೇಳಿದ. ಸಂಬಳ ಕಮ್ಮಿಯಾದ್ರೆ ಅತೃಪ್ತಿ ಆಗತ್ತೆ, ಜಾಸ್ತಿ ಆದ್ರೆ ತೃಪ್ತಿ ಏನೂ ಬರಲ್ಲ. ತೃಪ್ತಿ ಬರೋದು ಕೆಲಸದಿಂದ, ಸಾಧನೆಯಿಂದ, ನಾಲ್ಕು ಜನ ಗುರುತಿಸೋದರಿಂದ."

"ಆ ಇನ್ನೂರು ಜನಕ್ಕೆ ಹೋಮ್ ಲೋನ್ ಇತ್ತಾ ಅಂತ ಕೇಳಿದ್ನಾ?" ಅಂದಳು ಗಣಿತದ ಮೇಡಂ.

ಹರ್ಜ್‌ಬರ್ಗ್ ಕೈಕೊಟ್ಟಾಗ ತೂಗುರಾಯ ಸ್ವದೇಶಿಗೆ ಇಳಿಯುತ್ತಾನೆ. "ಕೈಲಾಸಂ ನೋಡಿ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ಕೆಲಸ ಬಿಸಾಕಿ ನಾಟಕಕ್ಕೆ ಬಂದ್ರು. ಅದು ಸ್ಯಾಟಿಸ್‌ಫ್ಯಾಕ್ಷನ್!" ಅಂತ ಒಮ್ಮೆ ಗಾಂಧಿ ಬಜಾರಿನಲ್ಲಿ ದೋಸೆಯ ಮುಂದೆ ಭಾಷಣ ಮಾಡಿದ.

"ಸರಿ, ನೀನು ಏನು ಬಿಟ್ಟು ಎಲ್ಲಿಗೆ ಹೋಗ್ತೀಯ?" ಎಂದೆ.

"ಜಾವಾ ಬಿಟ್ಟು ಪೈಥಾನ್‌ಗೆ."

ಕೈಲಾಸಂ ಅವರ ತಂದೆ ಜಡ್ಜ್ ಆಗಿದ್ದರು ಅನ್ನುವುದನ್ನು ನಾನು ನೆನಪಿಸಲಿಲ್ಲ. ದೋಸೆಯ ಬಿಲ್ಲು ಅವನು ಕೊಡುವವನಿದ್ದ.

ಅವನ ತಂದೆ ಎಚ್‌ಎಂಟಿಯಲ್ಲಿದ್ದವರು. 1953ರಲ್ಲಿ ಶುರುವಾದ ಕಾರ್ಖಾನೆ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಕೈಗಡಿಯಾರಕ್ಕೆ ಇಳಿಯಿತು. ಸೈರನ್ನಿಗೆ ಒಳಗೆ, ಸೈರನ್ನಿಗೆ ಹೊರಗೆ. ನೌಕರಿ ಬದಲಿಸುವುದು ಅಂದರೆ ಆ ಕಾಲಕ್ಕೆ ಫಸ್ಟ್ ಶಿಫ್ಟಿನಿಂದ ಸೆಕೆಂಡ್ ಶಿಫ್ಟಿಗೆ ಹೋಗುವುದು. ಒಂದು ಭಾನುವಾರ ಮಗ ತನ್ನ ಶೀಟಿಗೆ ಮಾಹಿತಿ ಬೇಕೆಂದು ಕೇಳಿದ: "ಅಪ್ಪಾ, ನಿಮಗೆ ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಇತ್ತಾ?" ಅವರಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಪೇಪರು ಮಡಿಸಿಟ್ಟು ತುಂಬಾ ಯೋಚಿಸಿ, "ಕ್ಯಾಂಟೀನು ಚೆನ್ನಾಗಿತ್ತು" ಅಂದರು.

ಹಾಗಂತ ನಿಷ್ಠೆಯ ಹಾಡನ್ನು ಅವರೇನೂ ಹಾಡುವುದಿಲ್ಲ. ಕ್ವಾರ್ಟ್ಸ್ ಗಡಿಯಾರದ ಹೊಡೆತಕ್ಕೆ ಕಂಪನಿ ಸೊರಗಿತು, ಅವರು ವಿಆರ್‌ಎಸ್ ತಗೊಂಡು ಮನೆಗೆ ಬಂದರು. 2016ರಲ್ಲಿ ಗಡಿಯಾರದ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. "ನಾವು ಕೆಲಸ ಬಿಡಲಿಲ್ಲ, ಕೆಲಸವೇ ನಮ್ಮನ್ನು ಬಿಟ್ಟಿತು. ನೀವು ಅದಕ್ಕಿಂತ ಮೊದಲೇ ಬಿಡ್ತೀರಿ. ಬುದ್ಧಿವಂತರು" ಅಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ತೂಗುರಾಯ ಆ ಕೋಶವನ್ನು ಖಾಲಿ ಬಿಟ್ಟ.

ಇನ್ನು ಇಂಟರ್‌ವ್ಯೂ. ಭೂಮಿಯ ಮೇಲೆ ಇಬ್ಬರು ವಿದ್ಯಾವಂತರು ಮುಖಾಮುಖಿ ಕೂತು, ಇಬ್ಬರಿಗೂ ಗೊತ್ತಿರುವ ವಿಷಯವನ್ನು ಮಾತ್ರ ಬಿಟ್ಟು ಬೇರೆಲ್ಲ ಮಾತಾಡುವ ಜಾಗ ಅದೊಂದೇ. "ಈಗಿನ ಕಂಪನಿ ಯಾಕೆ ಬಿಡ್ತಿದ್ದೀರಿ?" ಅನ್ನುತ್ತಾರೆ. "ಸಂಬಳ ಸಾಲದು" ಅಂದರೆ ಕೆಲಸ ಹೋಯಿತು. "ಹೊಸ ಸವಾಲು ಬೇಕಾಗಿದೆ" ಅನ್ನುತ್ತಾನೆ. ಸವಾಲು ಬೇಕಾದವನು ಬನಶಂಕರಿಯಿಂದ ಹೊರವರ್ತುಲ ರಸ್ತೆಗೆ ದಿನಾ ಕಾರಿನಲ್ಲಿ ಹೋಗಿಬಂದರೆ ಸಾಕಲ್ಲವೇ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೇಕಾದಷ್ಟು ಸಿಗುತ್ತದೆ ಅಂತ ಅವರೂ ಕೇಳುವುದಿಲ್ಲ. "ನಮ್ಮದು ಕಂಪನಿ ಅಲ್ಲ, ಒಂದು ಫ್ಯಾಮಿಲಿ" ಅನ್ನುತ್ತಾರೆ ಎಚ್‌ಆರ್. ಈ ಮಾತು ಕೇಳಿದ ಕೂಡಲೇ ತೂಗುರಾಯ ಎಚ್ಚರವಾಗುತ್ತಾನೆ. ಅವನ ಅನುಭವದಲ್ಲಿ ಫ್ಯಾಮಿಲಿ ಅಂದವರೆಲ್ಲ ಭಾನುವಾರ ಕೆಲಸಕ್ಕೆ ಕರೆದಿದ್ದಾರೆ, ದುಡ್ಡಿನ ಮಾತೆತ್ತಿದರೆ ಮುನಿಸಿಕೊಂಡಿದ್ದಾರೆ.

ಅವನ ಸುವರ್ಣಯುಗ 2021-22. ಕೊರೋನಾ ಕಾಲದಲ್ಲಿ ಜಗತ್ತೆಲ್ಲ ಆನ್‌ಲೈನಿಗೆ ಹೋಗಿ, ಕೋಡ್ ಬರೆಯುವವರಿಗೆ ಬೇಡಿಕೆಯೋ ಬೇಡಿಕೆ. ದೊಡ್ಡ ದೊಡ್ಡ ಐಟಿ ಕಂಪನಿಗಳಲ್ಲೇ ವರ್ಷಕ್ಕೆ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪೇಪರು ಹಾಕಿದರು. ತೊಂಬತ್ತು ದಿನದ ನೋಟಿಸ್ ಪೀರಿಯಡ್ಡನ್ನು ಕಂಪನಿಗಳು ನೌಕರ ಬೇಗ ಓಡದಿರಲಿ ಅಂತ ಇಟ್ಟುಕೊಂಡಿದ್ದವು. ನೌಕರರು ಅದನ್ನೇ ಸಂತೆ ಮಾಡಿಕೊಂಡರು. ಮೊದಲ ದಿನ ಒಂದು ಆಫರ್, ಅದನ್ನು ತೋರಿಸಿ ಮೂವತ್ತನೆಯ ದಿನ ಇನ್ನೊಂದು, ಎರಡನ್ನೂ ತೋರಿಸಿ ಅರವತ್ತನೆಯ ದಿನ ಮತ್ತೊಂದು. ಸೇರುವ ದಿನ ಲ್ಯಾಪ್‌ಟಾಪು, ಹೂಗುಚ್ಛ ಇಟ್ಟುಕೊಂಡು ಕಾದ ಎಚ್‌ಆರ್‌ಗಳಿಗೆ ಫೋನು ಸ್ವಿಚ್ ಆಫ್. ಆ ವರ್ಷ ತೂಗುರಾಯನ ಶೀಟಿಗೆ ಬಲಗಡೆ ಇನ್ನೂ ಮೂರು ಕಾಲಮ್ಮು ಸೇರಿದ್ದವು. ಆಗಿನಷ್ಟು ಸಂತೋಷವಾಗಿ ನಾನು ಅವನನ್ನು ಯಾವತ್ತೂ ಕಂಡಿಲ್ಲ. ಈಗ ಕಾಲ ಬದಲಾಗಿದೆ, ಎಲ್ಲರಿಗೂ 'ಇಮ್ಮಿಡಿಯಟ್ ಜಾಯಿನರ್' ಬೇಕು, ನೋಟಿಸ್ ಪೀರಿಯಡ್ ಮಾತ್ರ ತೊಂಬತ್ತು ದಿನವೇ. ಬೇರೆಯವರ ನೌಕರ ನಾಳೆಯೇ ಬರಬೇಕು, ನಮ್ಮ ನೌಕರ ಮೂರು ತಿಂಗಳು ಹೋಗಬಾರದು.

ಇಷ್ಟೆಲ್ಲ ತೂಗಿ ಆದಮೇಲೆ ಉಳಿದದ್ದು ಓಡಾಟದ ಕಾಲಮ್ಮು. ಹೊಸ ಆಫೀಸು ವೈಟ್‌ಫೀಲ್ಡಿನಲ್ಲಿ. ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾದ ಮೇಲೆ ಅಲ್ಲಿಗೆ ಮೆಟ್ರೋ ಇದೆ: ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಇಳಿದು ಜನಸಾಗರ ಈಜಿ ನೇರಳೆ ಮಾರ್ಗ, ಆಮೇಲೆ ಕಾಡುಗೋಡಿಯವರೆಗೆ ಕಂಬಿ ಹಿಡಿದು ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಬಗ್ಗೆ ಚಿಂತನೆ. ದಿನಕ್ಕೆ ಹೋಗಿಬರಲು ಮೂರು ಗಂಟೆ ಅಂತ ಹಿಡಿದ. ತಿಂಗಳಿಗೆ ಇಪ್ಪತ್ತೆರಡು ದಿನ, ಅರವತ್ತಾರು ಗಂಟೆ. ಅಷ್ಟನ್ನೂ ಕೆಲಸದ ಗಂಟೆಗೆ ಸೇರಿಸಿ ಭಾಗಿಸಿ ನೋಡಿದರೆ ಗಂಟೆಯ ಲೆಕ್ಕದಲ್ಲಿ ಹೈಕ್ ಕರಗಿ ತೆಳ್ಳಗಾಯಿತು. ಇನ್ನೊಂದು ಗಾಯವೂ ಇತ್ತು. 2025ರ ಫೆಬ್ರವರಿಯಲ್ಲಿ ಮೆಟ್ರೋ ತನ್ನ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿಕೊಂಡಿತ್ತು. "ಶೇಕಡಾ ಐವತ್ತು!" ಅಂದ ತೂಗುರಾಯ, ಅಸೂಯೆಯಿಂದ. "ಇಂಟರ್‌ವ್ಯೂ ಇಲ್ಲ, ಅಪ್ರೈಸಲ್ ಇಲ್ಲ. ಊರಲ್ಲಿ ಇಷ್ಟು ಹೈಕ್ ಸಿಕ್ಕಿದ್ದು ಅದಕ್ಕೊಂದಕ್ಕೇ."

ಕೊನೆಗೆ ಏನು ಮಾಡಿದ? ಪೇಪರು ಹಾಕಿದ. ಇಎಂಐ ತುಂಬುವ ಐದನೇ ತಾರೀಖು ಶೀಟಿನಲ್ಲಿ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ತೀರ್ಪು ಕೊಟ್ಟಿದ್ದು ಅದೇ.

ರಾಜೀನಾಮೆಯ ಮೇಲ್ ಹೋದ ಅರ್ಧ ಗಂಟೆಯಲ್ಲಿ ಪವಾಡ ನಡೆಯಿತು. ಅಪ್ರೈಸಲ್‌ನಲ್ಲಿ "ಬಜೆಟ್ ಇಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ" ಅಂದಿದ್ದ ಮ್ಯಾನೇಜರ್ ಕಾಫಿಗೆ ಕರೆದುಕೊಂಡು ಹೋಗಿ, "ನೀನು ಈ ಟೀಮಿನ ಬೆನ್ನೆಲುಬು" ಅಂದ. ಬೆನ್ನೆಲುಬಿಗೆ ಶೇಕಡಾ 20ರ ಕೌಂಟರ್ ಆಫರ್ ಬಂತು. ಒಂದು ವರ್ಷ ಇಲ್ಲದ ದುಡ್ಡು ಒಂದು ಮಧ್ಯಾಹ್ನದಲ್ಲಿ ಎಲ್ಲಿಂದ ಬಂತು ಅಂತ ತೂಗುರಾಯ ಕೇಳಲಿಲ್ಲ, ಮನೆಯಲ್ಲಿ ಹೆಂಡತಿ ಕೇಳಿದಳು. ಅವಳಿಗೆ ಸಂಬಳ ಇವನ ಅರ್ಧ ಇಲ್ಲ. ಮೂಟೆಗಟ್ಟಲೆ ಉತ್ತರಪತ್ರಿಕೆ ಹೊತ್ತು ತರುತ್ತಾಳೆ, ಕ್ಯಾಲ್ಕುಲಸ್ ಅರ್ಥವಾಗದ ಹುಡುಗಿಯೊಬ್ಬಳಿಗೆ ರಾತ್ರಿ ಒಂಬತ್ತಕ್ಕೂ ಫೋನಿನಲ್ಲಿ ಹೇಳಿಕೊಡುತ್ತಾಳೆ. ತೃಪ್ತಿಯ ವಿಷಯ ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ತೂಗುರಾಯ ಅವಳಿಗೂ ಒಂದು ಶೀಟು ಮಾಡಿಕೊಡುತ್ತೇನೆ ಅಂದಿದ್ದ. "ಪುರಸೊತ್ತಿಲ್ಲ" ಅಂದಿದ್ದಳು.

ಕೌಂಟರ್ ಆಫರನ್ನು ಅವನು ಒಪ್ಪಲಿಲ್ಲ. ನೋಟಿಸ್ ಪೀರಿಯಡ್ ಶುರುವಾಯಿತು, ತೂಗುರಾಯ ಅರಳಿದ. ಹೊಸ ಕೆಲಸ ಯಾರೂ ಕೊಡುವಂತಿಲ್ಲ, ಹಳೆಯದನ್ನು ಇನ್ನೊಬ್ಬರಿಗೆ ಒಪ್ಪಿಸುವುದಷ್ಟೇ ಕೆಲಸ. ಮೀಟಿಂಗಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾನೆ, ಎಲ್ಲರೂ ತಲೆಯಾಡಿಸುತ್ತಾರೆ. ಕಿರಿಯರು ಬಂದು ಸಲಹೆ ಕೇಳುತ್ತಾರೆ, ನಿಂತು ಪ್ರೀತಿಯಿಂದ ಕಲಿಸುತ್ತಾನೆ. ಸಂಜೆ ಐದೂವರೆಗೆ ಬ್ಯಾಗು ಹೆಗಲಿಗೆ. ಮ್ಯಾನೇಜರಿನಲ್ಲಿ ಅವನಿಗೆ ಒಳ್ಳೆಯ ಗುಣಗಳು ಕಾಣತೊಡಗಿದವು. ಮಷಿನ್ ಕಾಫಿಯೂ ರುಚಿಸಿತು. ಕೊನೆಯ ವಾರ ಶೀಟು ತೆರೆದು ಎಡಗಡೆಯ ಕಾಲಮ್ಮಿನಲ್ಲಿ ತೃಪ್ತಿಗೆ ಐವತ್ತಕ್ಕೆ ಐವತ್ತು ಹಾಕಿದ.

ಹೆಂಡತಿ ಇಣುಕಿ ನೋಡಿ, "ಇಷ್ಟು ಚೆನ್ನಾಗಿದ್ದ ಮೇಲೆ ಬಿಡೋದ್ಯಾಕೆ?" ಅಂದಳು.

"ಬಿಡ್ತಿರೋದ್ರಿಂದಲೇ ಚೆನ್ನಾಗಿರೋದು ಕಣೇ" ಅಂದ, ಇದಕ್ಕಿಂತ ಸ್ಪಷ್ಟವಾದ ವಿಷಯ ಪ್ರಪಂಚದಲ್ಲಿಲ್ಲ ಅನ್ನುವಂತೆ. ಆಮೇಲೆ ಹೊಸ ಆಫರ್ ಲೆಟರನ್ನು ತೆಗೆದು, ಸಂಬಳದ ಪುಟ ದಾಟಿ, ಅಲ್ಲಿಯೂ ನೋಟಿಸ್ ಪೀರಿಯಡ್ ತೊಂಬತ್ತೇ ದಿನವೇ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಂಡ.