ಎಂಟು ನಿಮಿಷದ ಎಸ್ಟಿಮೇಟು

ನಿವೃತ್ತ ಎಂಜಿನಿಯರರಲ್ಲಿ ಎರಡು ಬಗೆ. ಒಂದು ಬಗೆಯವರು ಬೆಳಿಗ್ಗೆ ವಾಕಿಂಗ್ ಹೋಗಿ, ಊರಿನ ಚರಂಡಿಗಳ ಇಳಿಜಾರೆಲ್ಲ ತಪ್ಪಿದೆ ಎಂದು ಸಾರಿ ಬರುತ್ತಾರೆ. ಇನ್ನೊಂದು ಬಗೆಯವರಿಗೆ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ. ಅಪಾಯ ಇವರಿಂದಲೇ. ಧಾರವಾಡದ ನಮ್ಮ ಕಾಕಾ ಈ ಜಾತಿಗೆ ಸೇರಿದವನು. ನೀರಾವರಿ ಇಲಾಖೆಯಲ್ಲಿ 34 ವರ್ಷ ಕಾಲುವೆ ಅಳೆದವನಿಗೆ ಈಗ ಅಳೆಯಲು ಕಾಕು ಒಬ್ಬಳೇ ಉಳಿದಿದ್ದಾಳೆ.

ಕಾಕು ಕೌದಿ ಹೊಲಿಯುತ್ತಾಳೆ. ಕೈಹೊಲಿಗೆಯದ್ದೇ ನಿಜವಾದ ಕೌದಿ ಎನ್ನುವವರು ಓಣಿಯಲ್ಲಿ ಬಹಳ ಮಂದಿ; ಅವರಲ್ಲಿ ಸೂಜಿ ಹಿಡಿದವರು ಯಾರೂ ಇಲ್ಲ. ಹಳೇ ಇಳಕಲ್ ಸೀರೆ, ಟೇಲರ್ ಅಂಗಡಿಯ ಚಿಂದಿ ಎಲ್ಲವನ್ನೂ ಚೌಕ ಕತ್ತರಿಸಿ ಕಾಕು ಮಶೀನಿನಲ್ಲಿ ಎರಡೆರಡಾಗಿ ಜೋಡಿಸುತ್ತಾಳೆ. ಒಂದು ಜೋಡಿ ಮುಗಿದರೆ ದಾರ ಕತ್ತರಿಸುವುದಿಲ್ಲ. ಎರಡು ಮೂರು ಖಾಲಿ ಹೊಲಿಗೆ ಓಡಿಸಿ, ಮುಂದಿನ ಜೋಡಿಯನ್ನು ಸೂಜಿಯ ಕೆಳಗೆ ತಳ್ಳುತ್ತಾಳೆ. ಮಶೀನಿನ ಹಿಂದಿನಿಂದ ಜೋಡಿಗಳು ಗಣಪತಿ ಮಂಟಪದ ಪತಾಕೆ ಸರದ ಹಾಗೆ ಇಳಿದು ಬುಟ್ಟಿ ಸೇರುತ್ತವೆ. ದಾರವೂ ಉಳಿಯಿತು, ಹೊತ್ತೂ ಉಳಿಯಿತು. ರಾತ್ರಿ ಧಾರಾವಾಹಿ ನೋಡುತ್ತ ಸರವನ್ನು ಮಡಿಲಿಗೆ ಎಳೆದುಕೊಂಡು, ನಡುವಿನ ದಾರಗಳನ್ನು ಹಿತ್ತಾಳೆ ಹಿಡಿಯ ಮೀರತ್ ಕತ್ತರಿಯಿಂದ ಕಚಕ್ ಕಚಕ್.

ಒಂದು ರಾತ್ರಿ ಕಾಕಾನ ಕಣ್ಣು ಆ ಕಚಕ್ ಮೇಲೆ ಬಿತ್ತು. 120 ಜೋಡಿ, ನಡುವೆ 119 ದಾರ, ಒಂದಕ್ಕೆ 4 ಸೆಕೆಂಡು. ಒಟ್ಟು 476.

“ಎಂಟು ನಿಮಿಷ ವೇಸ್ಟ್!”

“ಉಳಿಸಿ ನಿಮಗೆಲ್ಲಿ ಹೋಗೋದದ?” ಎಂದಳು ಕಾಕು, ಟಿವಿಯಿಂದ ಕಣ್ಣು ತೆಗೆಯದೆ.

ಆ ಎಂಟು ನಿಮಿಷ ಉಳಿಸಲು ಕಾಕಾ ತೆಗೆದುಕೊಂಡದ್ದು ಎರಡು ತಿಂಗಳು. ಮೊದಲು ಅರ್ಧ ಬ್ಲೇಡನ್ನು ಮೇಣದಬತ್ತಿಗೆ ಸಿಕ್ಕಿಸಿ ನೋಡಿದ. ಬೆರಳಿಗೆ ಬ್ಯಾಂಡೇಜು ಬಂತು. ನಾನು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹಿಡಿಯುವ ಟ್ರಿಮ್ಮರ್ ತಂದುಕೊಟ್ಟೆ. ಬೆರಳು ತೂರಿಸುವ ಬಳೆಯಿಲ್ಲ. ಅಂಗೈಯಲ್ಲಿ ಒತ್ತಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ಚೆನ್ನಾಗಿಯೇ ಇತ್ತು. ಕಾಕಾ ತಿರುಗಿಸಿ ಮುರುಗಿಸಿ ನೋಡಿ, “ಇದರಾಗ ನಂದೇನದ?” ಎಂದು ಪಕ್ಕಕ್ಕಿಟ್ಟ. ನ್ಯೂಜೆರ್ಸಿಯ ಮಗಳು ಒಂದು ಪದಕ ಕಳಿಸಿದಳು. ಅಂಚಿನ ಸುತ್ತ ಸಣ್ಣ ಕಚ್ಚುಗಳು, ಒಳಗೆ ಅಡಗಿದ ದುಂಡು ಬ್ಲೇಡು. ಕೊರಳಲ್ಲಿ ಹಾಕಿಕೊಂಡು, ಬೇಕಾದಾಗ ದಾರವನ್ನು ಕಚ್ಚಿಗೆ ಎಳೆದರಾಯಿತು. “ತಾಳಿ ಜೋಡಿ ಕತ್ರಿ ಕಟ್ಕೊಳ್ಳಲೇನ್ರಿ?” ಎಂದು ಕಾಕು ಅದನ್ನು ಕ್ಯಾಲೆಂಡರ್ ಮೊಳೆಗೆ ನೇತುಹಾಕಿದಳು.

ಕೊನೆಗೆ ಹುಟ್ಟಿತು ಕಾಕಾನ ಸ್ವಂತ ಕೃತಿ. ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಇರುತ್ತದಲ್ಲ, ಕವಲೊಡೆದ ತುದಿ, ಕವಲಿನ ಸಂದಿಯಲ್ಲಿ ಅಲಗು, ಅದನ್ನು ತೇಗದ ತುಂಡಿಗೆ ತೂತು ಕೊರೆಸಿ ನೆಟ್ಟಗೆ ನಿಲ್ಲಿಸಿದ್ದ. ನೆಟ್ಟಗೆ ಎಂದರೆ ಪೂರ್ತಿ ನೆಟ್ಟಗಲ್ಲ. 15 ಡಿಗ್ರಿ ಮುಂದಕ್ಕೆ. ಬಡಗಿಗೆ ಡ್ರಾಯಿಂಗ್ ಕೊಟ್ಟು, ಎರಡು ಸಲ ರಿಜೆಕ್ಟ್ ಮಾಡಿ ತಂದದ್ದು. ಎರಡೂ ಕೈಯಲ್ಲಿ ಸರ ಹಿಡಿದು ನಡುವಿನ ದಾರವನ್ನು ಅಲಗಿಗೆ ಒತ್ತಿದರೆ ಸಾಕು. ಸುಳ್ಳೇಕೆ ಹೇಳಲಿ, ಕೆಲಸ ಸರಸರ ಸಾಗುತ್ತಿತ್ತು.

ಕಾಕು ಬಗ್ಗಿ ನೋಡಿದಳು. “ಅಲ್ರಿ, ಇದು ಈಳಗಿ ಅಲ್ಲೇನು? ಅಲಗು ನಿಂತಿರತದ, ಬದ್ನಿಕಾಯಿನ ಅದರ ಹತ್ರ ಹೋಗತದ. ಇಷ್ಟಕ್ಕ ಎರಡು ತಿಂಗಳು ಬೇಕಾತೇನು?”

ಕಾಕಾ ಉತ್ತರ ಕೊಡಲಿಲ್ಲ. ಕೃತಿಯಲ್ಲೇ ತೋರಿಸುತ್ತೇನೆಂದು, ಕಾಕು ಅರಿಷಿಣ ಕುಂಕುಮಕ್ಕೆ ಹೋದ ಮಧ್ಯಾಹ್ನ ಬುಟ್ಟಿಗೆ ಕೈಹಾಕಿದ. ಪಾಪ, ಅವನಿಗೆ ಗೊತ್ತಿರಲಿಲ್ಲ: ಕತ್ತರಿಸುವ ದಾರ ಇರುವಂತೆ ಬೇಕೆಂದೇ ಬಿಟ್ಟ ದಾರವೂ ಇರುತ್ತದೆ. ಸಾಲುಗಳನ್ನು ಕೂಡಿಸುವಾಗ ತುಣುಕುಗಳು ಒಂದಕ್ಕೊಂದು ದಾರದಲ್ಲೇ ತೂಗುತ್ತಿದ್ದರೆ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಯಾವ ಹಸಿರಿನ ಪಕ್ಕ ಯಾವ ಕೆಂಪು ಎಂದು ಕಾಕು ನೆಲದ ಮೇಲೆ ಹಾಸಿ, ಎತ್ತಿ, ಮತ್ತೆ ಹಾಸಿ ನಾಲ್ಕು ದಿನ ಗುದ್ದಾಡಿದ್ದೆಲ್ಲ ಆ ದಾರಗಳಲ್ಲಿತ್ತು. ಅರ್ಧ ತಾಸಿನಲ್ಲಿ ಕಾಕಾ ಒಂದೂ ಬಿಡದೆ ಕತ್ತರಿಸಿ, ತುಣುಕುಗಳನ್ನು ಅಂದವಾಗಿ ಒಂದರ ಮೇಲೊಂದು ಪೇರಿಸಿಟ್ಟಿದ್ದ. ಪೆಂಡಿಂಗ್ ನಿಲ್.

ಕಾಕು ಬಂದು ನೋಡಿ ಏನೂ ಅನ್ನಲಿಲ್ಲವಂತೆ. ಅದನ್ನು ಹೇಳುವಾಗ ಕಾಕಾನ ದನಿ ಈಗಲೂ ಇಳಿಯುತ್ತದೆ.

ಮೊನ್ನೆ ಹೋದಾಗ ಕಾಕಾ ಮೊಣಕಾಲು ನೋವು ಮರೆತು ನೆಲಕ್ಕೆ ಕೂತಿದ್ದ. ಸುತ್ತ ಚೌಕಗಳು, ಒಂದೊಂದಕ್ಕೂ ಗುಂಡುಸೂಜಿಯಲ್ಲಿ ನಂಬರ್ ಚೀಟಿ. ತೊಡೆಯ ಮೇಲೆ ಉದ್ದನೆ ನೋಟ್‌ಬುಕ್.

“ಮೆಜರ್‌ಮೆಂಟ್ ಬುಕ್ ಬರಿಯಾಕತ್ತೀನಿ ತಮ್ಮಾ. ಮೂರನೇ ಸಾಲು, ಐದನೇ ತುಣುಕು, ಹಸಿರು ಚೌಕಡಿ, ದಡಿ ಎಡಕ್ಕ.”

“ಅವರು ಬರದು ಮುಗಿಸೋದ್ರಾಗ ನಂದು ಇನ್ನೊಂದು ಕೌದಿ ಆಗತದ,” ಎಂದು ಒಳಗಿನಿಂದ ಮಶೀನಿನ ಸದ್ದಿನ ನಡುವೆ ಕಾಕು ಕೂಗಿದಳು.

ತೇಗದ ತುಂಡು ದೇವರ ಮುಂದಿತ್ತು. ರಿಪ್ಪರ್ ಕಿತ್ತ ತೂತಿನಲ್ಲಿ ಊದಿನಕಡ್ಡಿ ಉರಿಯುತ್ತಿತ್ತು. ನಾನು ನೋಡುವುದನ್ನು ಕಂಡು ಕಾಕಾ ನೋಟ್‌ಬುಕ್ಕಿನಿಂದ ತಲೆಯೆತ್ತಿದ.

“ಬೂದಿ ನೋಡು, ಎಷ್ಟು ಬರೋಬ್ಬರಿ ತಾಟಿನಾಗ ಬೀಳಾಕತ್ತದ. ಹದಿನೈದು ಡಿಗ್ರಿ!”